ಓದುಗರ ಪ್ರಶ್ನೆ: ಸಾಮಾನ್ಯ ಸಾಪೇಕ್ಷತೆಯನ್ನು ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಸಾಮಾನ್ಯ ಸಾಪೇಕ್ಷತೆ (ಐನ್‌ಸ್ಟೈನ್ ಅವರ ಗುರುತ್ವ ಸಿದ್ಧಾಂತ) ಕಲಿಯಲು ಮೂರು ಸಲ ಕೂತೆ, ಮೂರು ಸಲವೂ ಟೆನ್ಸರ್ ಅಧ್ಯಾಯದಲ್ಲೇ ನಿಂತುಹೋಯಿತು. ಮೊದಲು ಗಣಿತ ಪೂರ್ತಿ ಮುಗಿಸಬೇಕೇ?
(ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ಬೇಡ. ಟೆನ್ಸರ್ ಅರೆದು ಕುಡಿದ ಮೇಲೆಯೇ ಗುರುತ್ವ ಎಂದು ಕೂತರೆ ಗುರುತ್ವದ ಸರದಿ ಬರುವುದೇ ಇಲ್ಲ. ಪಾರ್ಶಿಯಲ್ ಡಿರಿವೇಟಿವ್, ಲಗ್ರಾಂಜಿಯನ್ ವಿಧಾನ, ವಿಶಿಷ್ಟ ಸಾಪೇಕ್ಷತೆಯ ಫೋರ್-ವೆಕ್ಟರ್ ಇವಿಷ್ಟು ಕೈಗೆ ಹತ್ತಿದ್ದರೆ ಶುರು ಮಾಡಬಹುದು.

ನಾಲ್ಕು ಆಯಾಮಕ್ಕೆ ಈಗಲೇ ಹೋಗಬೇಡಿ. ಅಲ್ಲಿ ಕ್ರಿಸ್ಟೋಫೆಲ್ ಚಿಹ್ನೆಗಳೇ (ಜಾಗ ಬದಲಾದಂತೆ ಕೋಆರ್ಡಿನೇಟ್ ದಿಕ್ಕುಗಳು ಹೇಗೆ ಬದಲಾಗುತ್ತವೆ ಎಂದು ಹೇಳುವ ಪದಗಳು) 40, ಎರಡು ಆಯಾಮದಲ್ಲಿ ಬರೀ 6. ಮೊದಲು ಸಪಾಟು ಕಾಗದದ ಮೇಲೆ ಪೋಲಾರ್ ಕೋಆರ್ಡಿನೇಟ್ ಹಾಕಿ ಲೆಕ್ಕ ಮಾಡಿ. ಕೆಲವು ಚಿಹ್ನೆಗಳು ಸೊನ್ನೆ ಆಗುವುದಿಲ್ಲ, ಕಾಗದ ಮಾತ್ರ ಸಪಾಟೇ. ಕ್ರಿಸ್ಟೋಫೆಲ್ ಇದ್ದಲ್ಲೆಲ್ಲ ವಕ್ರತೆ ಇದೆ ಎಂಬ ತಪ್ಪು ತಿಳಿವಳಿಕೆ ಅಲ್ಲೇ ಹೋಗುತ್ತದೆ.

ಆಮೇಲೆ ಗೋಲದ ಮೇಲ್ಮೈ, ಅಲ್ಲಿ ಜಾಗ ಗುರುತಿಸುವುದು ಥೀಟಾ, ಫೈ ಎಂಬ ಎರಡು ಕೋನಗಳಿಂದ. ಚಿಹ್ನೆಗಳನ್ನು ಉದ್ದನೆಯ ಸೂತ್ರದಿಂದ ತೆಗೆಯುವ ಬದಲು ಲಗ್ರಾಂಜಿಯನ್‌ನಿಂದ ತೆಗೆಯಿರಿ, ಅರ್ಧ ಪುಟದಲ್ಲಿ ಮುಗಿಯುತ್ತದೆ. ಒಂದು ಕಡೆ ಎಲ್ಲರೂ ಎಡವುತ್ತಾರೆ: ಫೈ ಸಮೀಕರಣದಲ್ಲಿ ಥೀಟಾ-ಫೈ ಎರಡರ ವೇಗಗಳ ಗುಣಲಬ್ಧದ ಮುಂದೆ 2 ಕಾಟ್ ಥೀಟಾ ಬರುತ್ತದೆ. ಚಿಹ್ನೆಯ ಬೆಲೆ ಅದಲ್ಲ, ಬರೀ ಕಾಟ್ ಥೀಟಾ. ಥೀಟಾ-ಫೈ, ಫೈ-ಥೀಟಾ ಎಂದು ಎರಡು ಪದಗಳು ಕೂಡಿದ್ದರಿಂದ ಆ 2 ಬಂತು.

ಈಗ ನಿಮ್ಮೂರಿನ ಲೆಕ್ಕ. ಬಳ್ಳಾರಿ ಸುಮಾರು 15.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರಕ್ಕೆ ಮುಖ ಮಾಡಿದ ಒಂದು ಬಾಣವನ್ನು ಅದೇ ಅಕ್ಷಾಂಶದ ಗುಂಟ ಭೂಮಿಯ ಸುತ್ತ ಸಮಾಂತರವಾಗಿ ಸಾಗಿಸಿ ಬಳ್ಳಾರಿಗೇ ವಾಪಸ್ ತನ್ನಿ. ಎಷ್ಟು ತಿರುಗಿರುತ್ತದೆ? 360 ಡಿಗ್ರಿಯನ್ನು ಕಾಸ್ ಥೀಟಾದಿಂದ ಗುಣಿಸಿದರೆ ಸುಮಾರು 94 ಡಿಗ್ರಿ. ನಿಮಗೆ 348 ಬಂದರೆ ಥೀಟಾ ಜಾಗದಲ್ಲಿ 15.1 ಹಾಕಿದ್ದೀರಿ. ಥೀಟಾ ಅಳೆಯುವುದು ಧ್ರುವದಿಂದ, ಹಾಗಾಗಿ 74.9 ಹಾಕಬೇಕು. ಸಮಭಾಜಕದಲ್ಲಿ ಇದೇ ಲೆಕ್ಕ ಸೊನ್ನೆ ಕೊಡಬೇಕು, ಕೊಡುತ್ತದೆಯೇ ನೋಡಿಕೊಳ್ಳಿ. ಈ ಒಂದು ಲೆಕ್ಕ ಕೈಯಾರೆ ಮಾಡಿದವರಿಗೆ ರೀಮನ್ ಟೆನ್ಸರ್ ಏನನ್ನು ಅಳೆಯುತ್ತದೆ ಎಂದು ಬೇರೆಯಾಗಿ ಹೇಳಬೇಕಿಲ್ಲ.

ಇಲ್ಲಿಂದ ನೇರ ಶ್ವಾರ್ಟ್ಸ್‌ಚೈಲ್ಡ್ ಮೆಟ್ರಿಕ್‌ಗೆ (ಸೂರ್ಯನಂಥ ದುಂಡನೆಯ ಕಾಯದ ಸುತ್ತ ದೇಶ-ಕಾಲದ ಅಂತರ ಅಳೆಯುವ ಸೂತ್ರಕ್ಕೆ) ಬನ್ನಿ. ಅದು ಎಲ್ಲಿಂದ ಬಂತು ಎಂಬುದನ್ನು ಸದ್ಯ ಬಿಡಿ, ಕೊಟ್ಟದ್ದನ್ನು ಒಪ್ಪಿಕೊಂಡು ಅದರಲ್ಲಿ ಗ್ರಹವನ್ನೂ ಬೆಳಕನ್ನೂ ಓಡಿಸಿ. ಐನ್‌ಸ್ಟೈನ್ ಕ್ಷೇತ್ರ ಸಮೀಕರಣ ಅದಾದ ಮೇಲೆ ಇರಲಿ. ನಮ್ಮ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯ ಹಾಗೆ ಮೊಳಗಿ ಅಡಗುತ್ತದೆ ಎಂದು ತೋರಿಸಿದ್ದೂ ಇದೇ ಮೆಟ್ರಿಕ್ ಮೇಲೆ.

ಪ್ರಶ್ನೆ: ಗುರುತ್ವ ವಿವರಿಸಲು ರಬ್ಬರ್ ಹಾಳೆಯ ಮೇಲೆ ಗುಂಡಿಟ್ಟು ತೋರಿಸುವ ಚಿತ್ರ ಸರಿಯೇ?
(ಶಿಕ್ಷಕರು, ಸಿಂಧನೂರು)

ಉತ್ತರ: ತರಗತಿಯಲ್ಲಿ ಬಳಸದಿದ್ದರೇ ಒಳ್ಳೆಯದು. ಹಾಳೆ ತಗ್ಗಾಗುವುದು, ಗೋಲಿ ಉರುಳುವುದು ಎರಡೂ ಕೆಳಗಿನ ಭೂಮಿ ಎಳೆಯುವುದರಿಂದ. ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದಂತಾಯಿತು. ಅದರಲ್ಲಿ ಕಾಲವೂ ಇಲ್ಲ, ಆದರೆ ಕೈಬಿಟ್ಟ ಕಲ್ಲು ಬೀಳುವುದರಲ್ಲಿ ಕಾಲದ ಪಾಲೇ ದೊಡ್ಡದು. ಕೆಳಗಿನ ಗಡಿಯಾರ ಮೇಲಿನದಕ್ಕಿಂತ ನಿಧಾನ. ಎಷ್ಟು ಎಂದರೆ ಜಿ × ಎತ್ತರ ÷ ಸಿ ವರ್ಗ (ಜಿ ಎಂದರೆ ಗುರುತ್ವ ವೇಗೋತ್ಕರ್ಷ, ಸಿ ಬೆಳಕಿನ ವೇಗ). 22.5 ಮೀಟರಿಗೆ ಇದು 10ರ 15ನೇ ಘಾತದಲ್ಲಿ 2.5 ಭಾಗ. ಪೌಂಡ್ ಮತ್ತು ರೆಬ್ಕಾ 1960ರಲ್ಲಿ ಅಷ್ಟೇ ಎತ್ತರದಲ್ಲಿ ಗಾಮಾ ಕಿರಣ ಕಳಿಸಿ ಇದನ್ನು ಅಳೆದರು.

ಹಾಳೆಯ ಬದಲು ಗ್ಲೋಬ್ ತನ್ನಿ. ಬಳ್ಳಾರಿ, ಕೊಪ್ಪಳ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಪೂರ್ವ-ಪಶ್ಚಿಮ ಅಂತರ ಸುಮಾರು 80 ಕಿ.ಮೀ. ಎರಡೂ ಊರಿಂದ ಒಬ್ಬೊಬ್ಬರು ನೇರ ಉತ್ತರಕ್ಕೆ ಹೊರಟರೆ 60 ಡಿಗ್ರಿ ಅಕ್ಷಾಂಶಕ್ಕೆ ಹೋಗುವಷ್ಟರಲ್ಲಿ ಅಂತರ 40ರ ಆಸುಪಾಸಿಗೆ ಇಳಿದಿರುತ್ತದೆ. ಯಾರೂ ಯಾರನ್ನೂ ಎಳೆಯಲಿಲ್ಲ, ಇಬ್ಬರೂ ಎಡಕ್ಕೂ ಬಲಕ್ಕೂ ತಿರುಗಲಿಲ್ಲ, ಹತ್ತಿರ ತಂದದ್ದು ಮೇಲ್ಮೈಯ ವಕ್ರತೆಯೇ.

ಪ್ರಶ್ನೆ: ಸಾಮಾನ್ಯ ಸಾಪೇಕ್ಷತೆಯಿಂದಾಗುವ ಬುಧನ ಕಕ್ಷೆಯ ತಿರುಗುವಿಕೆ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಬರಬೇಕು. ನನಗೆ 41 ಬರುತ್ತಿದೆ.
(ಎಂ.ಎಸ್ಸಿ. ವಿದ್ಯಾರ್ಥಿ, ಗಂಗಾವತಿ)

ಉತ್ತರ: ಛೇದದಲ್ಲಿ (1 − ಇ ವರ್ಗ) ಬಿಟ್ಟಿದ್ದೀರಿ. ಸೂತ್ರ ಹೀಗೆ: 6 ಪೈ × ಜಿಎಂ ÷ [ಸಿ ವರ್ಗ × ಎ × (1 − ಇ ವರ್ಗ)]. ಸೂರ್ಯನಿಗೆ ಜಿಎಂ (ಗುರುತ್ವ ಸ್ಥಿರಾಂಕ × ದ್ರವ್ಯರಾಶಿ) ÷ ಸಿ ವರ್ಗ 1.477 ಕಿ.ಮೀ., ಬುಧನ ಎ (ಕಕ್ಷೆಯ ಅರ್ಧ ದೀರ್ಘಾಕ್ಷ) 5.79 ಕೋಟಿ ಕಿ.ಮೀ., ಇ (ಕಕ್ಷೆಯ ಉತ್ಕೇಂದ್ರತೆ) 0.2056. ಒಂದು ಸುತ್ತಿಗೆ 0.1036 ಆರ್ಕ್‌ಸೆಕೆಂಡ್ ಬರುತ್ತದೆ, ಶತಮಾನಕ್ಕೆ 415 ಸುತ್ತು. ಭೂಮಿಯ ಕಕ್ಷೆಗೆ ಇ ಬಹಳ ಚಿಕ್ಕದು, ಅಲ್ಲಿ ಈ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಜೊತೆಗೆ, ಎರಡು ಪುಸ್ತಕ ಮುಂದಿಟ್ಟುಕೊಂಡಿದ್ದರೆ ಮೆಟ್ರಿಕ್‌ನ ಕಾಲದ ಪದಕ್ಕೆ ಯಾವುದು ಮೈನಸ್ ಹಾಕಿದೆ, ಯಾವುದು ಪ್ಲಸ್ ಎಂದು ಮೊದಲ ಪುಟದಲ್ಲೇ ಬರೆದುಕೊಳ್ಳಿ.

43 ಬಂದ ಮೇಲೆ ಸೂರ್ಯನ ಅಂಚಿನಲ್ಲಿ ಬೆಳಕು ಬಾಗುವ ಲೆಕ್ಕ ಹಿಡಿಯಿರಿ. 1.75 ಆರ್ಕ್‌ಸೆಕೆಂಡ್ ಬರಬೇಕು. 0.87 ಬಂದರೆ ಮೆಟ್ರಿಕ್‌ನಲ್ಲಿ ಕಾಲದ ಪದವನ್ನಷ್ಟೇ ತೆಗೆದುಕೊಂಡಿದ್ದೀರಿ, ದೇಶದ (ಸ್ಪೇಸ್) ವಕ್ರತೆ ಬಿಟ್ಟುಹೋಗಿದೆ. 1911ರಲ್ಲಿ ಐನ್‌ಸ್ಟೈನ್ ಅವರಿಗೂ ಸಿಕ್ಕಿದ್ದು ಈ ಅರ್ಧ ಉತ್ತರವೇ, ಇನ್ನರ್ಧ ಸೇರಿದ್ದು 1915ರ ನವೆಂಬರಿನಲ್ಲಿ.