ಶೆಡ್ಡಿನಲ್ಲಿ ಕ್ವಾರಂಟೈನ್ ಹೇಗೆ ಆಗುತ್ತೆ ಹೇಳಿ

ಕೊರೊನಾ ಟೈಮಲ್ಲಿ ನಿಮ್ಮ ಕಡೆಯ ಜನ ಬೆಂಗಳೂರಲ್ಲೇ ಸುಮ್ನೆ ಇರಬಹುದಿತ್ತಲ್ಲ, ಯಾಕೆ ಊರಿಗೆ ಓಡಿದರು ಅಂತ ಕೇಳಿದಿರಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಬಹಳ ಜನ ಹೀಗೇ ಕೇಳುತ್ತಾರೆ, ಬೇಜಾರೇನಿಲ್ಲ. ನಾನು ರಾಯಚೂರಿನವನು. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ, ಅಷ್ಟು ಗಡಿ. ನಮ್ಮಲ್ಲಿ ಗುಳೆ ಹೋಗುವುದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕೈಗೆ ಕೆಲಸ ಇರಲ್ಲ, ವಯಸ್ಸಾದವರನ್ನು ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಮಕ್ಕಳು ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಕೆಲವರು ಹೈದರಾಬಾದ್, ಕೆಲವರು ಪುಣೆ, ಮುಂಬೈ. ಜಾಸ್ತಿ ಜನ ಇಲ್ಲಿಗೇ, ಬೆಂಗಳೂರಿಗೆ.

ನಮ್ಮ ಅಕ್ಕ, ಮಾವ ಆಗ ಥಣಿಸಂದ್ರದ ಕಡೆ ಒಂದು ಶೆಡ್ಡಿನಲ್ಲಿದ್ದರು. ಮಾವ ಸೆಂಟ್ರಿಂಗ್ ಕೆಲಸ, ಅಕ್ಕ ಇಟ್ಟಿಗೆ, ಮರಳು ಹೊರುವುದು. ಶೆಡ್ಡು ಅಂದರೆ ನಾಲ್ಕೂ ಕಡೆ ತಗಡು, ಮೇಲೆ ತಗಡು, ಅದರ ಮೇಲೆ ನೀಲಿ ತಾಡಪಾಲು, ಹಾರಬಾರದು ಅಂತ ನಾಲ್ಕು ಕಲ್ಲು. ಒಳಗೆ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಟ್ಟೆಯ ಗಂಟು, ಉಳಿದ ಜಾಗದಲ್ಲಿ ಐದು ಜನ ಮಲಗಬೇಕು. ಏಪ್ರಿಲ್ ಮಧ್ಯಾಹ್ನ ಆ ತಗಡಿಗೆ ಕೈ ಇಡೋಕಾಗಲ್ಲ. ನೀರು ಟ್ಯಾಂಕರ್‌ನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಕೊಡಕ್ಕೆ, ಎಲ್ಲರೂ ಅದ್ದುವುದು ಒಂದೇ ಮಗ್ಗು. ಸಾಲಿನವರಿಗೆಲ್ಲ ಸೇರಿ ಒಂದು ಕಕ್ಕಸು. ರೋಗದವರ ಜೊತೆ ಓಡಾಡಿದವರು ಕೆಲವು ದಿನ ದೂರ ಇದ್ದರೆ ಅದು ಕ್ವಾರಂಟೈನ್, ರೋಗ ಬಂದವರನ್ನೇ ಬೇರೆ ಇಟ್ಟರೆ ಐಸೋಲೇಷನ್, ಸರಿ. ಎರಡಕ್ಕೂ ಬೇರೆ ಕೋಣೆ ಬೇಕು, ಬೇರೆ ಬಚ್ಚಲು ಬೇಕು, ಊಟ ತಂದು ಬಾಗಿಲಲ್ಲಿಡುವವರು ಬೇಕು. ಆ ಶೆಡ್ಡಿನಲ್ಲಿ ಯಾರನ್ನು ಯಾರಿಂದ ದೂರ ಇಡ್ತೀರಿ? 2020ರ ಮಾರ್ಚ್ ಕೊನೆಗೆ, ಹೋಮ್ ಕ್ವಾರಂಟೈನ್‌ನಲ್ಲಿ ಇರುವವರು ಗಂಟೆಗೊಂದು ಸೆಲ್ಫಿ ಕಳಿಸಬೇಕು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ಬೇಡ ಅಂತ ನಮ್ಮ ಸರ್ಕಾರ ಹೇಳಿತ್ತಲ್ಲ, ಮಾವ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಅವರದು ಬಟನ್ ಫೋನು.

ಇನ್ನೊಂದು ವಿಷಯ ನಿಮ್ಮಂಥವರಿಗೆ ಕಾಣಲ್ಲ. ಶೆಡ್ಡು ಅವರದ್ದಲ್ಲ. ಜಾಗ ಯಾರದೋ, ತಗಡು ಮೇಸ್ತ್ರಿಯದು, ಕೆಲಸ ಇದ್ದರೆ ಮಾತ್ರ ಅಲ್ಲಿ ಇರುವುದು. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಕೆಲಸ ನಿಂತಿತು, ಆ ವಾರದ ಬಟವಾಡೆಯೂ ನಿಂತಿತು. ರೇಷನ್ ಕಾರ್ಡು ಊರಲ್ಲಿ. ಇರುವ ಜಾಗದಲ್ಲೇ ಇರಿ ಅಂತ ಟಿವಿಯಲ್ಲಿ ಹೇಳುತ್ತಿದ್ದರು, ಸರಿ, ಆದರೆ ಅದಕ್ಕೆ ಎರಡು ತಿಂಗಳ ಹಿಂದೆ, ಜನವರಿಯಲ್ಲಿ, ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಇದ್ದಾರೆ ಅಂತ ಇಂಥದೇ ಶೆಡ್ಡುಗಳನ್ನು ಕೆಡವಿ ಹಾಕಿದ್ದರು. ಅಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್‌ವರೆಗೂ ಹೋಯಿತು ಅದು. ಅದನ್ನು ನೋಡಿದವರು ಈ ಊರಲ್ಲಿ ನನಗೊಂದು ಜಾಗ ಇದೆ ಅಂತ ಹೇಗೆ ನಂಬುತ್ತಾರೆ?

ಕೆಲವರು ನಡೆದೇ ಹೊರಟರು. ಸಿಂಧನೂರಿನ ಕಡೆಯ ಒಬ್ಬ ಹೆಣ್ಣುಮಗಳು ಹೀಗೆ ಹೊರಟವಳು ಊರು ಮುಟ್ಟಲಿಲ್ಲ, ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಪೇಪರಲ್ಲಿ ಬಂದಿತ್ತು. ಮೇ ಮೊದಲ ವಾರ ಸರ್ಕಾರಿ ಬಸ್ಸು ಬಿಟ್ಟಾಗ ಮೊದಲು ದರ ಕೇಳಿಯೇ ಮೆಜೆಸ್ಟಿಕ್‌ನಲ್ಲಿ ಗಲಾಟೆ ಆಯಿತು, ಆಮೇಲೆ ಉಚಿತ ಮಾಡಿದರು. ಹೊರರಾಜ್ಯದವರ ಪಾಡು ಇನ್ನೂ ಕಷ್ಟ. ಬಿಲ್ಡರುಗಳ ಜೊತೆ ಸಭೆ ಆದ ಮೇಲೆ ಸರ್ಕಾರ, ಅವರನ್ನು ಊರಿಗೆ ಮುಟ್ಟಿಸುವ ಶ್ರಮಿಕ ರೈಲುಗಳನ್ನೇ ಬೇಡ ಅಂದಿತು, ಎಲ್ಲ ಕಡೆ ಬೈಸಿಕೊಂಡು ಮತ್ತೆ ಬಿಟ್ಟಿತು. ಕೆಲಸದವರು ಹೋಗಿಬಿಟ್ಟರೆ ಕಟ್ಟಡ ನಿಂತು ಹೋಗುತ್ತೆ ಅನ್ನುವ ಚಿಂತೆ, ಇನ್ನೇನು.

ಈಗ ಊರಿನ ಕಡೆ ಕೇಳಿ. ಊರಲ್ಲಿ ಹೂವಿನ ಹಾರ ಹಾಕಿ ಕರೆದುಕೊಂಡರು ಅಂತ ನಾನು ಹೇಳಲ್ಲ. ಎಷ್ಟೋ ಹಳ್ಳಿಗಳಲ್ಲಿ ದಾರಿಗೆ ಅಡ್ಡ ಜಾಲಿ ಮುಳ್ಳು ಹಾಕಿದ್ದರು. ಮುಂಬೈ, ಪುಣೆಯಿಂದ ಬಂದವರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಇಟ್ಟರು, ಮನೆಯವರು ರೊಟ್ಟಿ ಗಂಟನ್ನು ಗೇಟಿಗೆ ಸಿಕ್ಕಿಸಿ ಹಿಂದೆ ಸರಿಯಬೇಕು. ಬೆಂಗಳೂರಿಂದ ಬಂದವರಿಗೆ ಮನೆಯಲ್ಲೇ ಇರಿ ಅಂದರು. ಆದರೆ ನಮ್ಮ ಅವ್ವ ಮನೆಗೆ ಬಿಡಲಿಲ್ಲ. ನೇರ ಹೊಲಕ್ಕೆ. ಹೊಲದಲ್ಲಿ ಒಂದು ಗುಡಿಸಲಿದೆ, ಬೇವಿನ ಮರದ ಕೆಳಗೆ, ಜೋಳ ಕಾಯುವಾಗ ಮಲಗುವುದಕ್ಕೆ ಹಾಕಿದ್ದು. ಅವ್ವ ದಿನಾ ಸಂಜೆ ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಹಿಂಡಿ ಕಟ್ಟಿಕೊಂಡು ಹೋಗಿ ಬದುವಿನ ಮೇಲಿಟ್ಟು, ಅಲ್ಲೇ ನಿಂತು ಜೋರಾಗಿ ಕೂಗಿ ಮಾತಾಡಿ ಬರುತ್ತಿದ್ದಳು. ಮಾವನಿಗೆ ಅದರಲ್ಲೂ ಸಿಟ್ಟು, ಉಪ್ಪು ಕಮ್ಮಿ ಅಂತ ಇಡೀ ಹೊಲಕ್ಕೆ ಕೇಳುವಂತೆ ಕೂಗುತ್ತಿದ್ದರು.

ನನ್ನ ಪ್ರಕಾರ ಇದೇ ನಿಮ್ಮ ಪ್ರಶ್ನೆಗೆ ಉತ್ತರ. ದೂರ ಇರೋಕೆ ಜಾಗ ಇದ್ದದ್ದು ಊರಲ್ಲಿ. ಅವರು ರೋಗಕ್ಕೆ ಹೆದರಿ ಬುದ್ಧಿ ಇಲ್ಲದೆ ಓಡಲಿಲ್ಲ. ಹಳೇ ಬೆಂಗಳೂರಿನವರೂ ಮಾಡಿದ್ದು ಅದನ್ನೇ ಅಲ್ವಾ? 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಬಂದರು, ನಿಮ್ಮ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಪ್ಲೇಗಿನ ಬೆನ್ನಿಗೇ. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ, ನೋಡಿರ್ತೀರಿ. ಅವತ್ತು ಊರು ಬಿಟ್ಟವರನ್ನು ಈಗ ಯಾರೂ ಬೈಯಲ್ಲ.

ಹಾಗಂತ ಯಾರೂ ರೋಗ ತರಲಿಲ್ಲ ಅಂತಲ್ಲ. ಆ ಮೇ ತಿಂಗಳು ಮಹಾರಾಷ್ಟ್ರದಿಂದ ಬಂದವರಲ್ಲಿ ಯಾದಗಿರಿ, ಕಲಬುರಗಿ, ಮಂಡ್ಯದಲ್ಲೆಲ್ಲ ಕೇಸು ಏರಿತ್ತು. ಅಷ್ಟು ದಿನ ಅಲ್ಲಿ ಇಕ್ಕಟ್ಟಿನಲ್ಲಿ ಕೂಡಿಹಾಕಿ, ಆಮೇಲೆ ಒಂದೇ ಸಲ ಬಿಟ್ಟರೆ ಇನ್ನೇನಾಗುತ್ತೆ. ಲಾಕ್‌ಡೌನ್ ಶುರುವಾದ ಮೊದಲ ವಾರವೇ ಬಸ್ಸು ಕೊಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ.

ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಫೋನ್ ಮೇಲೆ ಫೋನ್ ಮಾಡಿದ, ಅಕ್ಕ, ಮಾವ ವಾಪಸ್ ಬಂದರು. ಸರ್ಕಾರ ಕಟ್ಟಡ ಕಾರ್ಮಿಕರಿಗೆ 5,000 ರೂಪಾಯಿ ಹಾಕಿತ್ತಲ್ಲ, ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದವರಿಗೆ ಮಾತ್ರ, ಇವರ ಹತ್ತಿರ ಇರಲಿಲ್ಲ. ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪತ್ರ ಬೇಕು, ಅದಕ್ಕೆ ಸಹಿ ಹಾಕೋಕೆ ಮೇಸ್ತ್ರಿ ಸತಾಯಿಸಿದ್ದು ಬೇರೆಯೇ ಕತೆ. ನಿಮ್ಮ ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ, ಅಲ್ಲಿ ಕೆಲಸ ಮಾಡುವವರಿಗೆ ಆ ಕಾರ್ಡು ಇದೆಯಾ ಅಂತ ಒಂದು ಮಾತು ಕೇಳಿ ನೋಡಿ.