ಉಬುಂಟುವಿನಲ್ಲಿ ಪ್ಯಾಕೇಜ್ ಎರರ್ ಬಂದರೆ ಫಾರ್ಮ್ಯಾಟ್ ಮಾಡಲೇಬೇಕಾ?

ಬೇಡ ಮಾರಾಯ್ರೆ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ನೀವು ಹೇಳಿರುವುದು ಇಷ್ಟು ಅಲ್ವಾ: ಹೊಸದಾಗಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿದ್ದೀರಿ, ಎಲ್ಲಿಂದಲೋ ಡೆಬ್ ಫೈಲ್ (ಸಾಫ್ಟ್‌ವೇರಿನ ಕಟ್ಟು, ಅಂದರೆ ಪ್ಯಾಕೇಜ್) ಇಳಿಸಿ, ಅದನ್ನು ಹಾಕಲು 'ಡಿಪಿಕೆಜಿ -ಐ' ಕೊಟ್ಟಿರಿ, ಡಿಪೆಂಡೆನ್ಸಿ (ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್) ಇಲ್ಲ ಅಂತ ಬಂತು, ಈಗ ಬೇರೆ ಯಾವ ಸಾಫ್ಟ್‌ವೇರೂ ಇನ್‌ಸ್ಟಾಲ್ ಆಗುತ್ತಿಲ್ಲ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕೊಡಿ (ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ). ಆಪ್ಟ್ ಅಂದರೆ ಸಾಫ್ಟ್‌ವೇರ್ ತಂದು ಹಾಕುವ ಪ್ರೋಗ್ರಾಂ. ಬೇಕಾದದ್ದು ಸಿಕ್ಕಿದರೆ ತರುತ್ತದೆ, ಸಿಗದಿದ್ದರೆ ಆ ಪ್ಯಾಕೇಜನ್ನೇ ತೆಗೆಯಲಾ ಅಂತ ಕೇಳುತ್ತದೆ. ಎರಡೂ ಒಳ್ಳೆಯದೇ.

ಈ ಬುದ್ಧಿ ನನಗೆ ಸುಮ್ನೆ ಬಂದದ್ದಲ್ಲ. ಸುರತ್ಕಲ್‌ನಲ್ಲಿ ಬಾಡಿಗೆ ರೂಮಿನಲ್ಲಿದ್ದೆ, ಹಳೆಯ ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ. ಆಟಿ ತಿಂಗಳ ಮಳೆ, ಅದರಲ್ಲಿ ನಾನು ದೊಡ್ಡ ಅಪ್‌ಗ್ರೇಡ್ ಹಚ್ಚಿ ಚಾ ಮಾಡಲು ಎದ್ದೆ. ಕರೆಂಟ್ ಹೋಯಿತು. ಬಂದ ಮೇಲೆ ಮಷಿನ್ ಏನೋ ಎದ್ದಿತು, ಆದರೆ ಆಪ್ಟ್‌ಗೆ ನಾನು ಏನು ಹೇಳಿದರೂ ಒಂದೇ ಸಾಲಿನ ಎರರ್. ನಾನು ಅದನ್ನು ಓದಲೇ ಇಲ್ಲ. ಫೋಟೋಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ಎಲ್ಲ ಒರೆಸಿ ಮೊದಲಿನಿಂದ ಇನ್‌ಸ್ಟಾಲ್ ಮಾಡಿದೆ. ಒಂದು ಭಾನುವಾರ ಹೋಯಿತು, ಮೊಬೈಲ್ ಡೇಟಾನೂ ಹೋಯಿತು.

ಮುಂದಿನ ಮಳೆಗಾಲ, ಅದೇ ಕಥೆ. ಈ ಸಲ ಡೇಟಾ ಇರಲಿಲ್ಲ, ಹಾಗಾಗಿ ಓದಿದೆ. ಡಿಪಿಕೆಜಿ ಅರ್ಧಕ್ಕೆ ನಿಂತಿದೆ, 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟು ಸರಿ ಮಾಡು ಅಂತ ಇತ್ತು. ಮದ್ದಿನ ಚೀಟಿ ಅದೇ ಬರೆದುಕೊಟ್ಟಿತ್ತು! ಕೊಟ್ಟೆ, ಒಂದಷ್ಟು ಸಾಲು ಓಡಿತು, ಮುಗಿಯಿತು. ಹೋದ ವರ್ಷದ ಭಾನುವಾರ ನೆನೆದು ಸಿಟ್ಟು ಬಂತು.

ಆಗಿದ್ದೇನು ಅಂದರೆ, ಪ್ಯಾಕೇಜ್ ಹಾಕುವುದು ಎರಡು ಹಂತದ ಕೆಲಸ. ಮೊದಲು ಫೈಲ್‌ಗಳನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಆಮೇಲೆ ಕಾನ್ಫಿಗರ್ ಮಾಡುತ್ತದೆ, ಅಂದರೆ ಓಡಲು ಸಜ್ಜು ಮಾಡುತ್ತದೆ. ಬಂದರಿನ ಗೋಡೌನ್‌ನಲ್ಲಿ ಮೂಟೆ ಇಳಿಸಿ ಆಗಿದೆ, ಲೆಕ್ಕಕ್ಕೆ ಬರೆದಿಲ್ಲ, ಅಷ್ಟೇ. 'ಡಿಪಿಕೆಜಿ -ಎಲ್' ಕೊಟ್ಟು ನೋಡಿ, ಸಾಲಿನ ಮೊದಲು 'ಐ ಐ' ಇದ್ದರೆ ಸರಿಯಾಗಿ ಕೂತಿದೆ, ಎರಡನೆಯದು ದೊಡ್ಡ 'ಯು' ಆಗಿದ್ದರೆ ಬಿಚ್ಚಿ ಬಿಟ್ಟದ್ದು.

ಮುಂದೆ ಡೆಬ್ ಫೈಲ್ ಹಾಕಲೇಬೇಕಾದರೆ ಡಿಪಿಕೆಜಿ ಬೇಡ. ಅದು ಕೊಟ್ಟ ಫೈಲನ್ನು ಮಾತ್ರ ನೋಡುತ್ತದೆ, ಅದಕ್ಕೆ ಬೇಕಾದ ಉಳಿದದ್ದನ್ನು ತರುವುದಿಲ್ಲ. 'ಸುಡೊ ಆಪ್ಟ್ ಇನ್‌ಸ್ಟಾಲ್' ಬರೆದು ಡಾಟ್, ಸ್ಲ್ಯಾಶ್, ಫೈಲ್ ಹೆಸರು ಕೊಡಿ, ಉಳಿದದ್ದನ್ನು ಅದು ರೆಪಾಸಿಟರಿಯಿಂದ (ಉಬುಂಟುವಿನ ಆನ್‌ಲೈನ್ ಸಾಫ್ಟ್‌ವೇರ್ ಉಗ್ರಾಣ) ತರುತ್ತದೆ. ಅದಕ್ಕೂ ಮೊದಲು 'ಆಪ್ಟ್ ಸರ್ಚ್' ಮಾಡಿ. ವಿಂಡೋಸ್‌ನಿಂದ ಬಂದವರು ಸೀದಾ ಬ್ರೌಸರ್‌ಗೆ ಓಡುತ್ತಾರೆ, ಬೇಕಾದದ್ದು ಹೆಚ್ಚಾಗಿ ರೆಪಾಸಿಟರಿಯಲ್ಲೇ ಇರುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಕೂಡ ಅಲ್ಲೇ ಇವೆ.

ಆಪ್ಟ್‌ನಲ್ಲಿ 'ಅಪ್‌ಡೇಟ್' ಅಂದರೆ ಬರೀ ಪ್ಯಾಕೇಜ್‌ಗಳ ಪಟ್ಟಿ ಹೊಸದು ಮಾಡುವುದು, ಸಾಫ್ಟ್‌ವೇರ್ ಬದಲಾಗುವುದು 'ಅಪ್‌ಗ್ರೇಡ್' ಕೊಟ್ಟಾಗ. ಇದನ್ನು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು, ನಗಬೇಡಿ. ಆಪ್ಟ್ ಕೊಟ್ಟಾಗ ಲಾಕ್ ಇದೆ ಅಂತ ಎರರ್ ಬಂದರೆ ಜಾಸ್ತಿ ಸಲ ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ಓಡುತ್ತಿರುತ್ತದೆ, ಸ್ವಲ್ಪ ಕಾಯಿರಿ. ಲಾಕ್ ಫೈಲನ್ನೇ ಅಳಿಸಿಬಿಡಿ ಅನ್ನುವವರ ಮಾತು ಕೇಳಬೇಡಿ. ಮತ್ತೆ, 'ವೈ' ಒತ್ತುವ ಮೊದಲು ತೆಗೆದುಹಾಕುವ ಪ್ಯಾಕೇಜ್‌ಗಳ ಪಟ್ಟಿ ನೋಡಿ. ಅಲ್ಲಿ 'ಉಬುಂಟು-ಡೆಸ್ಕ್‌ಟಾಪ್' (ಡೆಸ್ಕ್‌ಟಾಪ್ ಪರದೆಯ ಮುಖ್ಯ ಪ್ಯಾಕೇಜ್) ಕಂಡರೆ 'ಎನ್' ಒತ್ತಿ, ಆಮೇಲೆ ಆ ಪಟ್ಟಿಯನ್ನು ಪೂರ್ತಿ ಇಲ್ಲಿ ಹಾಕಿ, ನೋಡೋಣ.