ಓದುಗರ ಪ್ರಶ್ನೆ, ವಕೀಲರ ಉತ್ತರ: ಆರುಷಿಯನ್ನು ಕೊಂದವರು ಯಾರು?

ಹೋದ ಸಂಚಿಕೆಯಲ್ಲಿ ಸಾಂದರ್ಭಿಕ ಸಾಕ್ಷ್ಯದ (ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಕೂಡಿಸುವ ಸಾಕ್ಷ್ಯದ) ಬಗ್ಗೆ ಬರೆಯುವಾಗ, ದೆಹಲಿ ಪಕ್ಕದ ನೋಯ್ಡಾದಲ್ಲಿ ಒಬ್ಬ ಹುಡುಗಿ ಮತ್ತು ಮನೆಗೆಲಸದವರು ಕೊಲೆಯಾದ ಆರುಷಿ ಪ್ರಕರಣವನ್ನು ಒಂದು ಮಾತಲ್ಲಿ ಮುಟ್ಟಿ ಹೋಗಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಆಸ್ತಿ ಪಾಲು, ಜೀವನಾಂಶದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಮನೆಯಲ್ಲಿದ್ದವರು ನಾಲ್ಕು ಜನ. ಇಬ್ಬರು ಕೊಲೆಯಾದರು, ಇಬ್ಬರು ಉಳಿದರು. ಒಂದನೇ ತರಗತಿಯ ಲೆಕ್ಕ ಇದು. ಇದರಲ್ಲಿ ಸಂಶಯ ಎಲ್ಲಿಂದ ಬಂತು? ಇಷ್ಟು ವರ್ಷ ಕ್ರಿಮಿನಲ್ ಕೇಸು ನಡೆಸಿದ ನೀವಾದರೂ ನೇರವಾಗಿ ಹೇಳಿ, ಕೊಂದವರು ಯಾರು?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಸರ್, ಇದೇ ಪ್ರಶ್ನೆಯನ್ನು ಮದುವೆ ಮನೆಗಳಲ್ಲೂ ನನಗೆ ಕೇಳಿದ್ದಾರೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ.

2008ರ ಮೇ 15ರ ರಾತ್ರಿ. ನೋಯ್ಡಾದ 25ನೇ ಸೆಕ್ಟರಿನ ಜಲವಾಯು ವಿಹಾರ್ ಅನ್ನುವ ಅಪಾರ್ಟ್‌ಮೆಂಟು. ದಂತವೈದ್ಯರಾದ ರಾಜೇಶ್ ಮತ್ತು ನೂಪುರ್ ತಲ್ವಾರ್, ಅವರ ಒಬ್ಬಳೇ ಮಗಳು ಆರುಷಿ, ಮನೆಗೆಲಸಕ್ಕಿದ್ದ ಹೇಮರಾಜ್. ಹುಡುಗಿಗೆ ಹದಿನಾಲ್ಕು ತುಂಬಲು ಇನ್ನೂ ಕೆಲವು ದಿನ ಇತ್ತು. ಬೆಳಿಗ್ಗೆ ಅವಳ ಕೋಣೆಯಲ್ಲೇ ಅವಳ ಹೆಣ ಸಿಕ್ಕಿತು. ಹೇಮರಾಜ್ ಎಲ್ಲೂ ಕಾಣಲಿಲ್ಲ.

ಕಾಣಲಿಲ್ಲ ಅಂದ ಕೂಡಲೇ "ಅವನೇ ಕೊಂದು ಓಡಿಹೋಗಿದ್ದಾನೆ" ಅಂತಾಯಿತು. ಮನೆಗೆಲಸದವನು, ನೇಪಾಳದವನು, ನಾಪತ್ತೆಯಾದವನು. ಇಷ್ಟೇ ಆಧಾರ. ಪೊಲೀಸರು ಅವರ ಸುಳಿವಿಗೆ 20,000 ರೂಪಾಯಿ ಬಹುಮಾನವನ್ನೂ ಘೋಷಿಸಿದರು.

ಅದೇ ಹೊತ್ತಿನಲ್ಲಿ ಅದೇ ಮನೆಯ ತಾರಸಿ ಬಾಗಿಲಿಗೆ ಬೀಗ ಬಿದ್ದಿತ್ತು. ಅಲ್ಲಿ ರಕ್ತದ ಕಲೆ ಕಂಡಿತ್ತು ಅಂತ ಆ ದಿನ ಬಂದುಹೋದವರು ಆಮೇಲೆ ಹೇಳಿದರು. ಕೀಲಿಕೈ ಸಿಗಲಿಲ್ಲ. ಬೀಗ ಒಡೆಯಲೂ ಇಲ್ಲ. ಕೊಂದವನು ಓಡಿಹೋಗಿದ್ದಾನೆ ಅಂತ ತೀರ್ಮಾನವಾದ ಮೇಲೆ ತಾರಸಿಗೆ ಯಾರು ಹೋಗ್ತಾರೆ? ಮರುದಿನ, ಮೇ 17ರಂದು ಬೀಗ ಒಡೆದರು. ಹೇಮರಾಜ್ ಹೆಣ ಅಲ್ಲೇ ಬಿದ್ದಿತ್ತು. ಮೇಲೊಂದು ಕೂಲರಿನ ಪ್ಯಾನೆಲ್ ಮುಚ್ಚಿತ್ತು. ಉತ್ತರ ಭಾರತದ ಮೇ ತಿಂಗಳ ಬಿಸಿಲಲ್ಲಿ ಒಂದು ಇಡೀ ದಿನ ಆ ದೇಹ ಕೊಳೆತಿತ್ತು.

ಸರ್, ಊಹೆ ಅಂದರೆ ಬರೀ ಬಾಯಿಮಾತು ಅಂತ ಜನ ತಿಳಿದುಕೊಂಡಿದ್ದಾರೆ. ಇಲ್ಲಿ ನೋಡಿ. ಒಂದು ಊಹೆ ಒಂದು ಹೆಣವನ್ನೇ ಒಂದು ದಿನ ಮುಚ್ಚಿಟ್ಟಿತು. ಅಷ್ಟರಲ್ಲಿ ಕೆಳಗಿನ ಮನೆಯಲ್ಲಿ ನೆಂಟರು, ಅಕ್ಕಪಕ್ಕದವರು, ವರದಿಗಾರರು ಓಡಾಡಿದ್ದರು. ಬೆರಳಚ್ಚು, ಕಾಲ ಗುರುತು ಎಲ್ಲ ಕಲಸಿಹೋಯಿತು. ಸೆಷನ್ಸ್ ಕೋರ್ಟಿನಲ್ಲಿ ಆರೋಪಿ ಪರ ನಿಂತಾಗ ನಾನು ತನಿಖಾಧಿಕಾರಿಗೆ ಪಾಟೀ ಸವಾಲು ಶುರು ಮಾಡುತ್ತಿದ್ದದ್ದೇ ಇಲ್ಲಿಂದ. ಮಹಜರು ಬರೆಯುವುದಕ್ಕೆ ಮುಂಚೆ ಒಳಗೆ ಯಾರ್ಯಾರು ಹೋಗಿದ್ದರು? ಬಾಗಿಲಿಗೆ ಯಾವ ಪೇದೆಯನ್ನು ನಿಲ್ಲಿಸಿದ್ದಿರಿ? ಮುದ್ದೆಮಾಲಿಗೆ, ಅಂದರೆ ವಶಪಡಿಸಿಕೊಂಡ ವಸ್ತುಗಳಿಗೆ, ಸೀಲು ಹಾಕಿದ್ದು ಎಷ್ಟು ಹೊತ್ತಿಗೆ? ಉತ್ತರ ತಡವರಿಸಿದರೆ ಅಲ್ಲಿಗೇ ಅರ್ಧ ಕೇಸು ಸಡಿಲ. ಮೊದಲ ದಿನ ಹಾಳಾದದ್ದನ್ನು ಆಮೇಲೆ ಯಾವ ಸಿಬಿಐ ಬಂದರೂ ಸರಿಮಾಡಲು ಆಗಲ್ಲ.

ಇನ್ನು ನಿಮ್ಮ ಲೆಕ್ಕಕ್ಕೆ ಬರ್ತೀನಿ. ನಾಲ್ಕರಲ್ಲಿ ಎರಡು ಕಳೆದರೆ ಎರಡು. ಇದು ಸರಿಯಾಗಬೇಕಾದರೆ ಆ ರಾತ್ರಿ ಮನೆಯೊಳಗೆ ಐದನೆಯವರು ಯಾರೂ ಬಂದಿಲ್ಲ ಅಂತ ಮೊದಲು ಸಾಬೀತಾಗಬೇಕಲ್ವಾ? ಹೇಮರಾಜ್ ಕೋಣೆಗೆ ಹೊರಗಡೆಯಿಂದಲೂ ಒಂದು ಬಾಗಿಲಿತ್ತು. ಗಾಜಿಯಾಬಾದಿನ ವಿಶೇಷ ನ್ಯಾಯಾಲಯ ನಿಮ್ಮ ಲೆಕ್ಕವನ್ನೇ ಒಪ್ಪಿತು. 2013ರ ನವೆಂಬರ್ 25ರಂದು ತಂದೆ ತಾಯಿ ಇಬ್ಬರನ್ನೂ ಅಪರಾಧಿಗಳೆಂದು ಹೇಳಿ, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ನಾಲ್ಕು ವರ್ಷದ ಹತ್ತಿರ ಹತ್ತಿರ ಅವರು ದಾಸನಾ ಜೈಲಿನಲ್ಲಿದ್ದರು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟು ಅದನ್ನು ರದ್ದು ಮಾಡಿತು. ಹೊರಗಿನವರು ಬಂದಿರುವ ಸಾಧ್ಯತೆಯನ್ನು ಪ್ರಾಸಿಕ್ಯೂಷನ್ ತಳ್ಳಿಹಾಕಲು ಆಗಿಲ್ಲ ಅಂದಿತು. ಪೀಠದ ಒಬ್ಬ ನ್ಯಾಯಮೂರ್ತಿಗಳು ಇನ್ನೂ ಖಾರವಾಗಿ ಬರೆದರು. ಕೆಳಗಿನ ನ್ಯಾಯಾಧೀಶರು ಉತ್ತರ ಮೊದಲೇ ಇಟ್ಟುಕೊಂಡು ಗಣಿತದ ಮೇಷ್ಟರ ಹಾಗೆ ಲೆಕ್ಕ ಬಿಡಿಸಿದ್ದಾರೆ, ಸಿನಿಮಾ ನಿರ್ದೇಶಕರ ಹಾಗೆ ಚೂರುಗಳನ್ನು ಜೋಡಿಸಿ ಕಥೆ ಕಟ್ಟಿದ್ದಾರೆ ಅನ್ನೋದು ಅದರ ಸಾರ.

ಕಣ್ಣಾರೆ ಕಂಡವರು ಇಲ್ಲದ ಕೇಸಿನಲ್ಲಿ ಸಾಕ್ಷ್ಯದ ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿ ಇರಬೇಕು, ಆರೋಪಿ ನಿರಪರಾಧಿ ಅನ್ನುವ ಬೇರೆ ಯಾವ ವಿವರಣೆಗೂ ಜಾಗ ಉಳಿಯಬಾರದು. 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಿಂದ ನಮ್ಮ ಸುಪ್ರೀಂ ಕೋರ್ಟು ಇದನ್ನು ಹೇಳುತ್ತಲೇ ಬಂದಿದೆ. ಆರುಷಿ, ಹೇಮರಾಜ್ ಇಬ್ಬರನ್ನೂ ಯಾರು ಕೊಂದರು ಅನ್ನೋದು ಆ ಅಳತೆಯಲ್ಲಿ ಇವತ್ತಿಗೂ ಸಾಬೀತಾಗಿಲ್ಲ. ಸಾಬೀತಾಗದ್ದನ್ನು ನಾನು ಪತ್ರಿಕೆಯಲ್ಲಿ ಬರೆಯಲ್ಲ. ಮನೆಯಲ್ಲೂ ಹೇಳಲ್ಲ.

ಪ್ರಶ್ನೆ: ಆ ಹುಡುಗಿಯ ಬಗ್ಗೆ, ಅವಳ ಸ್ನೇಹಿತರ ಬಗ್ಗೆ ಆಗ ಟಿವಿಯಲ್ಲಿ ಏನೇನೋ ಬಂತು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಮೇಡಂ?
— ಗೃಹಿಣಿ, ಉಡುಪಿ

ಉತ್ತರ: ಆಡುತ್ತೆ ಅಮ್ಮಾ. ಈ ಕೇಸಿನಲ್ಲಿ ಆಡಿದ್ದು ಹಾಗೇ.

2008ರ ಮೇ 23ರಂದು ತಂದೆಯನ್ನು ಬಂಧಿಸಿದ ಪೊಲೀಸರು ಅವತ್ತೇ ಪತ್ರಿಕಾಗೋಷ್ಠಿ ಕರೆದರು. ಹಿರಿಯ ಅಧಿಕಾರಿಯೊಬ್ಬರು ಕ್ಯಾಮೆರಾಗಳ ಮುಂದೆ ಕೂತು, ಮಗಳನ್ನೂ ಕೆಲಸದವನನ್ನೂ ತಂದೆ ನೋಡಬಾರದ ಸ್ಥಿತಿಯಲ್ಲಿ ನೋಡಿದ್ದೇ ಕೊಲೆಗೆ ಕಾರಣ ಅನ್ನುವ ಅರ್ಥದ ಮಾತಾಡಿದರು. ಹೇಳುವಾಗ ಆ ಹುಡುಗಿಯ ಹೆಸರನ್ನೇ ತಪ್ಪಾಗಿ ಹೇಳಿದರು. ಅವಳ ಹೆಸರೂ ಸರಿಯಾಗಿ ಗೊತ್ತಿಲ್ಲದವರು ಅವಳ ಚಾರಿತ್ರ್ಯದ ಬಗ್ಗೆ ದೇಶಕ್ಕೆಲ್ಲ ತೀರ್ಪು ಕೊಟ್ಟರು! ಆಗಿನ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ರೇಣುಕಾ ಚೌಧರಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಆಮೇಲೆ ಅವಳ ಮೆಸೇಜು, ಮೇಲ್, ಫೋಟೋ ಎಲ್ಲ ಪರದೆಗೆ ಬಂತು. ಹದಿಮೂರು ವರ್ಷದ ಯಾವ ಮಗುವಿನ ಫೋನು ತೆಗೆದರೂ ಸಿಗುವಂಥ ಹುಡುಗಾಟದ ಮಾತುಗಳವು.

ಅದು ಸಾಕ್ಷಿಕಟ್ಟೆಯವರೆಗೂ ಹರಿಯಿತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಮೊದಲ ವರದಿಯಲ್ಲಿ ಆರುಷಿಯ ಗುಪ್ತಾಂಗದಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ ಅಂತ ಬರೆದಿದ್ದರು. ಊರೆಲ್ಲ ಮಾತಾಡಿದ ಮೇಲೆ, ಬಹಳ ಸಮಯ ಕಳೆದು, ಅವರೇ ಬೇರೆ ಥರ ಹೇಳಿಕೆ ಕೊಟ್ಟರು. ಸತ್ತ ಮಗು ಎದ್ದು ಬಂದು "ಅದು ಸುಳ್ಳು" ಅನ್ನಲು ಆಗಲ್ಲ. ಹೇಮರಾಜ್‌ಗೂ ಆಗಲ್ಲ. ಅವರಿಗೂ ಹೆಂಡತಿ ಇದ್ದರು, ಸಂಸಾರ ಇತ್ತು. ಮೊದಲ ದಿನ ಕೊಲೆಗಾರ, ಒಂದು ವಾರ ಕಳೆಯುವಷ್ಟರಲ್ಲಿ ಜಾರ. ಕೊಲೆಯಾದ ಒಬ್ಬ ಮನುಷ್ಯ ಅಂತ ಅವರನ್ನು ನೋಡಿದವರು ಎಷ್ಟು ಜನ? ಇವತ್ತಿಗೂ ನಾವೆಲ್ಲ ಇದನ್ನು "ಆರುಷಿ ಕೇಸು" ಅಂತೀವಿ. ನಾನೂ ಶೀರ್ಷಿಕೆಯಲ್ಲಿ ಹಾಗೇ ಬರೆದಿದ್ದೇನೆ, ಇಲ್ಲದಿದ್ದರೆ ಓದುಗರಿಗೆ ಗುರುತೇ ಸಿಗುವುದಿಲ್ಲ. ಅಷ್ಟರಮಟ್ಟಿಗೆ ಹೇಮರಾಜ್ ಹೆಸರು ಮರೆತುಹೋಗಿದೆ.

ಬದುಕಿದ್ದವರಿಗೆ ಏನಾಯಿತು ಕೇಳಿ. 2011ರ ಜನವರಿಯಲ್ಲಿ, ಗಾಜಿಯಾಬಾದ್ ನ್ಯಾಯಾಲಯದ ಬಳಿ ಯುವಕನೊಬ್ಬ ರಾಜೇಶ್ ತಲ್ವಾರ್ ಅವರ ಮುಖಕ್ಕೆ, ಕೈಗೆ ಮಚ್ಚಿನಿಂದ ಹೊಡೆದ. ವಿಚಾರಣೆಯೇ ಇನ್ನೂ ಶುರುವಾಗಿರಲಿಲ್ಲ.

ಪೊಲೀಸರು ಮಾಧ್ಯಮದ ಮುಂದೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದಕ್ಕೆ ಒಂದು ಕೈಪಿಡಿ ಮಾಡಿ ಅಂತ ಸುಪ್ರೀಂ ಕೋರ್ಟು ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿದ್ದು 2023ರ ಸೆಪ್ಟೆಂಬರಿನಲ್ಲಿ. ಬೇರೊಂದು ಕೇಸಿನಲ್ಲಿ. ಹದಿನೈದು ವರ್ಷ ತಡವಾಗಿ.

ಪ್ರಶ್ನೆ: ನಾರ್ಕೋ ಪರೀಕ್ಷೆಯಲ್ಲಿ ಕೆಲಸದ ಹುಡುಗರು ಮಾತಾಡಿದ ವಿಡಿಯೋ ನೋಡಿದ್ದೇನೆ. ಅಷ್ಟು ಹೇಳಿದ ಮೇಲೂ ಅವರನ್ನು ಬಿಟ್ಟದ್ದು ಯಾಕೆ?
— ಕಾನೂನು ವಿದ್ಯಾರ್ಥಿ, ಬೆಂಗಳೂರು

ಉತ್ತರ: ತಮ್ಮಾ, ಆ ಪರೀಕ್ಷೆ ನಡೆದದ್ದು ನಿಮ್ಮ ಊರಿನಲ್ಲೇ. ಆಗ ದೇಶದ ದೊಡ್ಡ ದೊಡ್ಡ ಕೇಸುಗಳ ಆರೋಪಿಗಳನ್ನು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆತರುತ್ತಿದ್ದರು. ಪೊಲೀಸರಿಂದ ತನಿಖೆ ವಹಿಸಿಕೊಂಡ ಸಿಬಿಐ ಕೂಡ ತಲ್ವಾರರ ಕ್ಲಿನಿಕ್ಕಿನ ಸಹಾಯಕ ಮತ್ತು ಪರಿಚಯದ ಮನೆಗಳ ಕೆಲಸದ ಹುಡುಗರ ಮೇಲೆ ಕಣ್ಣಿಟ್ಟು, ಪರೀಕ್ಷೆ ಮಾಡಿಸಿತು. ಸೋಡಿಯಂ ಪೆಂಟೊಥಾಲ್ ಕೊಟ್ಟು ಅರೆಮಂಪರಿನಲ್ಲಿ ಪ್ರಶ್ನೆ ಕೇಳುತ್ತಾರೆ. ಆ ಸ್ಥಿತಿಯಲ್ಲಿ ಮನುಷ್ಯ ಕಂಡದ್ದನ್ನೂ ಹೇಳುತ್ತಾನೆ, ಕೇಳಿದ್ದನ್ನೂ ಹೇಳುತ್ತಾನೆ, ಎದುರಿಗಿರುವವರು ಪ್ರಶ್ನೆಯಲ್ಲೇ ತುಂಬಿಕೊಟ್ಟದ್ದನ್ನೂ ಹೇಳುತ್ತಾನೆ. ನೀನು ನೋಡಿದ ವಿಡಿಯೋ ಹಾಗೆ ಸೋರಿ ಟಿವಿಗೆ ಬಂದದ್ದು. ಅದನ್ನು ಬೆಂಬಲಿಸುವ ಗಟ್ಟಿ ಸಾಕ್ಷ್ಯ ಸಿಗದೆ ಮೂವರೂ ಹೊರಗೆ ಬಂದರು. ಅವರ ಮೇಲೆ ದೋಷಾರೋಪ ಪಟ್ಟಿಯನ್ನೇ ಸಲ್ಲಿಸಲಿಲ್ಲ. ಆದರೆ ಅವರ ಮುಖ ಮಾತ್ರ ಇನ್ನೂ ನಿನ್ನ ಮೊಬೈಲಿನಲ್ಲಿ ತಿರುಗ್ತಾ ಇದೆ.

ಒಬ್ಬ ಹುಡುಗನ ಕೋಣೆಯಿಂದ ತಂದ ದಿಂಬಿನ ಕವರಿನ ಕಥೆಯನ್ನು ಮಾತ್ರ ತಪ್ಪದೆ ಓದು. ಅದರಲ್ಲಿ ಹೇಮರಾಜ್ ರಕ್ತ ಇತ್ತು ಅಂತ ಹೈದರಾಬಾದಿನ ಪ್ರಯೋಗಾಲಯದ ವರದಿಯಲ್ಲಿತ್ತು. 2011ರಲ್ಲಿ ಅದೇ ಪ್ರಯೋಗಾಲಯ, ಅದು ಟೈಪಿಂಗ್ ತಪ್ಪು, ಎರಡು ವಸ್ತುಗಳ ವಿವರ ಅದಲುಬದಲಾಗಿದೆ ಎಂದಿತು. ನಿಜವಾಗಿಯೂ ತಪ್ಪೋ ಅಲ್ಲವೋ ಅನ್ನುವ ಜಗಳ ಹೈಕೋರ್ಟಿನವರೆಗೂ ಹೋಯಿತು. ಮುದ್ದೆಮಾಲಿನ ಚೀಟಿ ಅಂದರೆ ಎಷ್ಟು ದೊಡ್ಡ ವಿಷಯ ಅಂತ ನಾಳೆ ನೀನು ಕೋರ್ಟಿಗೆ ಬಂದಾಗ ಗೊತ್ತಾಗುತ್ತೆ.

ಸುಪ್ರೀಂ ಕೋರ್ಟಿನ 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪನ್ನೂ ಓದು. ಒಪ್ಪಿಗೆ ಇಲ್ಲದೆ ನಾರ್ಕೋ, ಮಿದುಳಿನ ಮ್ಯಾಪಿಂಗ್, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಅಂತ ಅದು ಹೇಳಿತು. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ ಅನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ. ಒಪ್ಪಿಕೊಂಡು ಮಾಡಿಸಿಕೊಂಡರೂ ಆ ಮಾತು ತಾನೇ ಸಾಕ್ಷ್ಯ ಆಗಲ್ಲ. ಆ ಮಾತಿನಿಂದ ಆಮೇಲೆ ಏನಾದರೂ ವಸ್ತು ಸಿಕ್ಕರೆ ಅದನ್ನು ಮಾತ್ರ ಪರಿಗಣಿಸಬಹುದು.

ಪ್ರಶ್ನೆ: ಸಿಬಿಐಯೇ ಕೇಸು ಮುಚ್ಚಿ ಅಂದಿತ್ತಂತೆ. ಮತ್ತೆ ಶಿಕ್ಷೆ ಹೇಗಾಯಿತು? ಈಗ ಕೇಸು ಎಲ್ಲಿದೆ?
— ಓದುಗರು, ತುಮಕೂರು

ಉತ್ತರ: ಕೇಸು ಮುಚ್ಚಲು ನಮ್ಮ ಠಾಣೆಗಳಲ್ಲಿ ಬಿ ರಿಪೋರ್ಟ್, ಸಿ ರಿಪೋರ್ಟ್ ಕೊಡ್ತಾರಲ್ಲ, ಅದೇ ಜಾತಿಯ ವರದಿಯನ್ನು ಸಿಬಿಐ 2010ರ ಡಿಸೆಂಬರಿನಲ್ಲಿ ಕೊಟ್ಟಿತು. ತಂದೆಯ ಮೇಲೆ ಸಂಶಯ ಇದೆ, ಆದರೆ ಸಾಕ್ಷ್ಯ ಸಾಲದು ಅಂತ. ಅಂಥ ವರದಿಯನ್ನು ಮ್ಯಾಜಿಸ್ಟ್ರೇಟರು ಒಪ್ಪಲೇಬೇಕು ಅಂತ ಕಾನೂನಿಲ್ಲ. 2011ರ ಫೆಬ್ರವರಿಯಲ್ಲಿ ಅದನ್ನು ತಿರಸ್ಕರಿಸಿ ಇಬ್ಬರಿಗೂ ಸಮನ್ಸ್ ಕೊಟ್ಟರು. ಆ ವಿಚಾರಣೆಯಲ್ಲೇ 2013ರ ಶಿಕ್ಷೆ ಆದದ್ದು. 2017ರ ಖುಲಾಸೆಯ ವಿರುದ್ಧ ಹೇಮರಾಜ್ ಪತ್ನಿ, ಆಮೇಲೆ ಸಿಬಿಐ ಸುಪ್ರೀಂ ಕೋರ್ಟಿಗೆ ಹೋದರು. 2018ರಲ್ಲಿ ಸಿಬಿಐ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ವಿಚಾರಣೆಗೆ ಅಂಗೀಕರಿಸಿತು.

ಪ್ರಶ್ನೆ: ನಮ್ಮೂರಿನಲ್ಲೂ ಒಬ್ಬ ಹುಡುಗಿಯ ಸಾವಿನ ಬಗ್ಗೆ ವಾಟ್ಸಾಪಿನಲ್ಲಿ ಹೆಸರು, ಫೋಟೋ ಹಾಕಿ ಚರ್ಚೆ ಮಾಡ್ತಿದ್ದಾರೆ. ಆ ದಿನ ನಾನು ಒಂದು ವಿಷಯ ಕಣ್ಣಾರೆ ಕಂಡಿದ್ದೇನೆ. ಗ್ರೂಪಿನಲ್ಲಿ ಹೇಳಲಾ? ಸ್ಟೇಷನ್ನಿಗೆ ಹೋಗಲು ಭಯ.
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಗ್ರೂಪಿನಲ್ಲಿ ಒಂದಕ್ಷರವೂ ಹಾಕಬೇಡಿ ತಾಯಿ. ನೀವು ಕಂಡದ್ದು ಹತ್ತು ಬಾಯಿ ದಾಟಿ ಹತ್ತು ರೂಪ ಪಡೆದರೆ, ನಾಳೆ ಕೋರ್ಟಿನಲ್ಲಿ "ವಾಟ್ಸಾಪಿನಲ್ಲಿ ಓದಿ ಹೇಳ್ತಿದ್ದೀರಿ" ಅಂತ ನನ್ನಂಥ ವಕೀಲರೇ ನಿಮ್ಮ ಮೇಲೆ ಬೀಳುತ್ತಾರೆ. ಒಳ್ಳೆಯ ಸಾಕ್ಷಿ ಹಾಗೆ ಕೈತಪ್ಪುತ್ತೆ.

ಇವತ್ತೇ ಒಂದು ಹಾಳೆ ತೆಗೆದುಕೊಂಡು ಕಂಡದ್ದನ್ನಷ್ಟೇ ಬರೆಯಿರಿ. ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತು, ಬೆಳಕು ಹೇಗಿತ್ತು, ಯಾರ ಕೈಲಿ ಏನಿತ್ತು. "ಅನ್ನಿಸಿತು" ಅನ್ನುವ ಮಾತು ಬೇಡ. ದಾರಿಯಲ್ಲಿ ಅಂಗಡಿಯ ಸಿಸಿಟಿವಿ ಇದ್ದರೆ ಅದನ್ನೂ ಬರೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣ ಆಗಿಬಿಡುತ್ತೆ, ತಡ ಮಾಡಿದರೆ ಹೋಯಿತು.

ಭಯ ಬೇಡ. ಸಾಕ್ಷಿ ಹೇಳಿಕೆಗೆ ಹೆಂಗಸರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆ ಕಡೆಗೆ ಬನ್ನಿ ಅಂತ ಪೊಲೀಸರು ಬಲವಂತ ಮಾಡುವಂತಿಲ್ಲ. ಅವರೇ ನಿಮ್ಮ ಮನೆಗೆ ಬರಬೇಕು. ಹಾಗೆ ಬರೆದುಕೊಂಡ ಹೇಳಿಕೆಗೆ ನೀವು ಸಹಿ ಹಾಕಬೇಕಾಗಿಯೂ ಇಲ್ಲ.

ಆ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಕೇಸಾಗಿದ್ದರೆ ಅವಳ ಹೆಸರು, ಫೋಟೋ ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲಿದೆ. ಸತ್ತವರ ಹೆಸರನ್ನೂ ಹಾಕುವಂತಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗ್ರೂಪಿನ ಅಡ್ಮಿನ್‌ಗೆ ಇಷ್ಟು ತಿಳಿಸಿ ಫೋಟೋ ತೆಗೆಸಿ. ನೀವು ಬರೆದ ಹಾಳೆಯ ಒಂದು ಪ್ರತಿ ನಿಮ್ಮ ಬಳಿಯೇ ಇರಲಿ. ಠಾಣೆಗೆ ಹೋಗಲು ಮನಸ್ಸಿಲ್ಲದಿದ್ದರೆ ಇನ್ನೊಂದನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.